ಕಾಣಿಸಿತು ಎಂಬುದರ ಅರ್ಥ: ಮೂತ್ರಪಿಂಡದ ಗೆಡ್ಡೆ, ಸಿ.ಟಿ. ಚಿತ್ರ ಮತ್ತು ಪ್ರಮಾಣವಿಚಾರ

ಜ್ಞಾನವೊಂದು ಸರಿಯೋ ತಪ್ಪೋ ಎಂದು ಕೇಳುವ ಮೊದಲು ಅದು ಯಾವ ದಾರಿಯಿಂದ ಬಂತೆಂದು ಕೇಳಬೇಕು ಎನ್ನುವುದು, ಭಾರತೀಯ ದರ್ಶನಗಳು ತಮ್ಮೊಳಗೆ ಎಷ್ಟೇ ವಾದಿಸಿದರೂ ಬಹುಮಟ್ಟಿಗೆ ಒಟ್ಟಾಗಿ ಒಪ್ಪಿಕೊಂಡ ಮಾತು. ಬೆಟ್ಟದ ಮೇಲಿನ ಬೆಂಕಿಯನ್ನು ಹತ್ತಿರ ಹೋಗಿ ಕಣ್ಣಾರೆ ಕಂಡವನಿಗೂ, ದೂರದಿಂದ ಹೊಗೆ ನೋಡಿ ಊಹಿಸಿದವನಿಗೂ, ಅಲ್ಲಿಂದ ಇಳಿದು ಬಂದವನ ಮಾತು ಕೇಳಿ ತಿಳಿದವನಿಗೂ ದೊರೆತ ವಿಷಯ ಒಂದೇ ಆದರೂ, ಆ ಮೂರು ಜ್ಞಾನಗಳ ಬಲ ಬೇರೆ, ಅವು ತಪ್ಪಬಹುದಾದ ರೀತಿ ಬೇರೆ, ತಪ್ಪನ್ನು ಪತ್ತೆಹಚ್ಚುವ ಉಪಾಯವೂ ಬೇರೆ. ಯಥಾರ್ಥ ಜ್ಞಾನಕ್ಕೆ ಸಾಧನವಾಗುವುದನ್ನು ಪ್ರಮಾಣವೆಂದು ಕರೆದು, ಪ್ರತ್ಯಕ್ಷ, ಅನುಮಾನ, ಶಬ್ದ ಮೊದಲಾದ ಬಗೆಗಳಾಗಿ ಅದನ್ನು ವಿಂಗಡಿಸಿದ್ದು ಈ ಕಾರಣಕ್ಕೆ. ಇಂದಿನ ಆಸ್ಪತ್ರೆಯ ಒಂದು ಸಾಮಾನ್ಯ ವಾಕ್ಯವನ್ನು ಈ ಒರೆಗಲ್ಲಿಗೆ ಹಚ್ಚಿದರೆ ಬಹಳ ಗಂಭೀರವಾದ ಪ್ರಶ್ನೆಗಳು ಏಳುತ್ತವೆ: ಸಿ.ಟಿ. ಸ್ಕ್ಯಾನಿನಲ್ಲಿ ಮೂತ್ರಪಿಂಡದ ಗೆಡ್ಡೆ ಕಾಣಿಸಿತು ಎಂಬ ವಾಕ್ಯ. ಆ ಕಾಣುವಿಕೆ ನಿಜವಾಗಿಯೂ ಕಾಣುವಿಕೆಯೇ? ಅಲ್ಲವಾದರೆ ಅದರ ಬಲವೆಷ್ಟು, ಮತ್ತು ಅದನ್ನು ನಂಬಿ ಒಬ್ಬ ಮನುಷ್ಯನ ಅಂಗವನ್ನು ಕತ್ತರಿಸಿ ತೆಗೆಯಲು ಎಷ್ಟು ಬಲ ಸಾಕು?

ಚಿತ್ರ ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. 1895ರಲ್ಲಿ ರಾಂಟ್ಗೆನ್ ಕಂಡುಹಿಡಿದ ಕ್ಷ-ಕಿರಣ ದೇಹದ ನೆರಳನ್ನು ಫಲಕದ ಮೇಲೆ ಬೀಳಿಸುತ್ತಿತ್ತು. ಆ ನೆರಳಿನಲ್ಲಿ ಹಿಂದಿನದು ಮುಂದಿನದು ಎಲ್ಲವೂ ಒಂದರ ಮೇಲೊಂದು ಬಿದ್ದು, ಮೂತ್ರಪಿಂಡದಂತಹ ಮೃದು ಅಂಗದ ಒಳಭೇದ ತಿಳಿಯುತ್ತಿರಲಿಲ್ಲ. ಇಂಗ್ಲೆಂಡಿನ ಇ.ಎಂ.ಐ. ಕಂಪನಿಯ ಎಂಜಿನಿಯರ್ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರ 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೀಸ್ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳಿನ ಪದರಚಿತ್ರವನ್ನು ತೆಗೆಯಿತು. ಇದೇ ಸಮಸ್ಯೆಯ ಗಣಿತವನ್ನು ಸ್ವತಂತ್ರವಾಗಿ ಬಿಡಿಸಿದ್ದ ಅಲನ್ ಕಾರ್ಮಾಕ್ ಅವರೊಂದಿಗೆ ಹೌನ್ಸ್‌ಫೀಲ್ಡರು 1979ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ದೇಹದ ಸುತ್ತ ತಿರುಗುತ್ತ ನೂರಾರು ಕೋನಗಳಿಂದ ಕಿರಣವನ್ನು ಹಾಯಿಸಿ, ಪ್ರತಿ ದಾರಿಯಲ್ಲಿಯೂ ಎಷ್ಟು ಕಿರಣ ಹೀರಲ್ಪಟ್ಟಿತೆಂದು ಅಳೆದು, ಆ ಎಲ್ಲ ಮೊತ್ತಗಳಿಂದ ಒಳಗಿನ ಒಂದೊಂದು ಪುಟ್ಟ ಘನದ ಹೀರುವ ಶಕ್ತಿಯನ್ನು ಲೆಕ್ಕಹಾಕಿ ತೆಗೆಯುವುದು ಈ ವಿಧಾನದ ತಿರುಳು. ಬಂದ ಫಲವನ್ನು ಹೌನ್ಸ್‌ಫೀಲ್ಡ್ ಮಾನ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅದರಲ್ಲಿ ನೀರಿಗೆ 0, ಗಾಳಿಗೆ ಸೊನ್ನೆಗಿಂತ 1000 ಕಡಿಮೆ, ಕೊಬ್ಬಿಗೆ ಸುಮಾರು 100 ಕಡಿಮೆ, ಗಟ್ಟಿ ಎಲುಬಿಗೆ ಹಲವು ನೂರು ಹೆಚ್ಚು. ಪರದೆಯ ಮೇಲಿನ ಬೂದುಬಣ್ಣ ಈ ಸಂಖ್ಯೆಗಳಿಗೆ ತೊಡಿಸಿದ ಉಡುಪು ಮಾತ್ರ. ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಬಣ್ಣ ಹಂಚಬೇಕೆಂಬುದನ್ನು ನೋಡುವವರೇ ಆರಿಸಿಕೊಳ್ಳುತ್ತಾರೆ, ಮತ್ತು ಆ ಆಯ್ಕೆ ಬದಲಾದರೆ ಅದೇ ದೇಹ ಬೇರೆಯಾಗಿ ತೋರುತ್ತದೆ.

ಇಂದ್ರಿಯ ಮತ್ತು ವಸ್ತುವಿನ ಸನ್ನಿಕರ್ಷದಿಂದ, ಅಂದರೆ ನೇರ ಸಂಬಂಧದಿಂದ, ಹುಟ್ಟುವ ತಪ್ಪಿಲ್ಲದ ಜ್ಞಾನವೇ ಪ್ರತ್ಯಕ್ಷ ಎಂಬುದು ಗೌತಮನ ನ್ಯಾಯಸೂತ್ರದ ಲಕ್ಷಣ. ವೈದ್ಯರ ಕಣ್ಣಿಗೆ ಸಂಬಂಧವಿರುವುದು ಪರದೆಯೊಂದಿಗೆ, ಮೂತ್ರಪಿಂಡದೊಂದಿಗೆ ಇಲ್ಲ. ಕನ್ನಡಕದಲ್ಲಿಯೂ ಸೂಕ್ಷ್ಮದರ್ಶಕದಲ್ಲಿಯೂ ನಡುವೆ ಸಾಧನವೊಂದು ಇದೆಯಲ್ಲ ಎಂದು ಆಕ್ಷೇಪಿಸಬಹುದು. ಆದರೆ ಅಲ್ಲಿ ವಸ್ತುವಿನಿಂದ ಹೊರಟ ಬೆಳಕೇ ಬಾಗಿ ಕಣ್ಣನ್ನು ಸೇರುತ್ತದೆ, ಇಲ್ಲಿ ಕಣ್ಣನ್ನು ಸೇರುವುದು ಒಂದು ಗಣಿತದ ಉತ್ತರ. ಇದಕ್ಕಿಂತ ಸೂಕ್ಷ್ಮವಾದ ಆಕ್ಷೇಪವೊಂದಿದೆ. ಅನುಭವ ಪಡೆದ ರೇಡಿಯಾಲಜಿಸ್ಟ್ ಹೆಜ್ಜೆ ಹೆಜ್ಜೆಯಾಗಿ ತರ್ಕಿಸುವುದಿಲ್ಲ. ಚಿತ್ರ ಕಣ್ಣಿಗೆ ಬಿದ್ದೊಡನೆ ಅವರಿಗೆ ಗೆಡ್ಡೆ ಗೆಡ್ಡೆಯಾಗಿಯೇ ತೋರುತ್ತದೆ. ನವ್ಯನ್ಯಾಯದವರು ಇಂತಹ ಅನುಭವಕ್ಕೆ ಜ್ಞಾನಲಕ್ಷಣಾ ಎಂಬ ಅಲೌಕಿಕ ಸನ್ನಿಕರ್ಷವನ್ನು ಒಪ್ಪಿದ್ದರು: ದೂರದ ಗಂಧದ ಕೊರಡನ್ನು ನೋಡಿದಾಗ ಹಿಂದಿನ ಅನುಭವದ ಬಲದಿಂದ ಅದರ ಪರಿಮಳವೂ ಕಣ್ಣಿಗೇ ಕಂಡಂತೆ ಆಗುತ್ತದೆ ಎಂಬುದು ಅವರ ಉದಾಹರಣೆ. ಹಾಗೆ ಒಪ್ಪಿದರೆ ಹೊಗೆ ಕಂಡಾಗ ಬೆಂಕಿಯೂ ಪ್ರತ್ಯಕ್ಷವೇ ಆಗಿ, ಅನುಮಾನವೆಂಬ ಪ್ರಮಾಣಕ್ಕೆ ಕೆಲಸವೇ ಉಳಿಯದು ಎಂದು ವೇದಾಂತಪರಿಭಾಷೆಯ ಕರ್ತೃ ಧರ್ಮರಾಜಾಧ್ವರೀಂದ್ರ ತಿರುಗಿ ಕೇಳಿದ. ಮೂತ್ರಪಿಂಡದ ವಿಷಯದಲ್ಲಿ ಈ ಪ್ರತಿವಾದವೇ ಹೆಚ್ಚು ಹಿತಕರ. ಏಕೆಂದರೆ ಕಂಡೆ ಎಂದವರನ್ನು ಮುಂದೆ ಪ್ರಶ್ನಿಸಲಾಗದು, ಊಹಿಸಿದೆ ಎಂದವರಿಂದ ಯಾವ ಗುರುತಿನಿಂದ ಊಹಿಸಿದಿರಿ ಎಂದು ಕೇಳಿ ತಿಳಿಯಬಹುದು. ವೈದ್ಯವೃತ್ತಿಗೆ ಅನುಮಾನದ ಅವಲಂಬನೆ ಹೊಸದೂ ಅಲ್ಲ, ಕೀಳೂ ಅಲ್ಲ. ನಾಲಗೆಯೊಂದನ್ನು ಬಿಟ್ಟು ಉಳಿದ ಇಂದ್ರಿಯಗಳಿಂದ ರೋಗಿಯನ್ನು ಪರೀಕ್ಷಿಸಬೇಕು, ದೇಹದ ರುಚಿಯನ್ನು ಮಾತ್ರ ನೊಣಗಳು ಮುತ್ತುವುದೇ ಮೊದಲಾದ ಗುರುತುಗಳಿಂದ ಊಹಿಸಬೇಕು ಎಂದು ಚರಕಸಂಹಿತೆಯ ವಿಮಾನಸ್ಥಾನ ಬಹು ಹಿಂದೆಯೇ ಹೇಳಿದೆ.

ಅನುಮಾನವೆಂದ ಮೇಲೆ ಅದರ ಅಂಗಗಳನ್ನು ಬಿಡಿಸಿ ನೋಡಬೇಕು. ಯಾವುದರ ವಿಷಯದಲ್ಲಿ ಊಹೆಯೋ ಅದು ಪಕ್ಷ, ಸಾಧಿಸಬೇಕಾದದ್ದು ಸಾಧ್ಯ, ಗುರುತು ಹೇತು, ಹೇತುವಿದ್ದಲ್ಲೆಲ್ಲ ಸಾಧ್ಯವಿರುತ್ತದೆ ಎಂಬ ತಪ್ಪದ ಸಂಬಂಧ ವ್ಯಾಪ್ತಿ. ಮೂತ್ರಪಿಂಡದಲ್ಲಿ ಹೊಸದಾಗಿ ತೋರಿದ ಉಬ್ಬು ಇಲ್ಲಿ ಪಕ್ಷ. ಅದು ನೀರು ತುಂಬಿದ ಚೀಲವೋ, ಅಂದರೆ ಬಹುಪಾಲು ನಿರಪಾಯವಾದ ಸಿಸ್ಟೋ, ಅಥವಾ ರಕ್ತ ಹರಿಯುವ ಜೀವಂತ ಗೆಡ್ಡೆಯೋ ಎಂಬುದು ಮೊದಲ ಪ್ರಶ್ನೆ. ಇದನ್ನು ಬಿಡಿಸಲು ಒಂದೇ ಅಂಗವನ್ನು ಹಲವು ಸಲ ಚಿತ್ರಿಸುತ್ತಾರೆ: ಮೊದಲು ಔಷಧವಿಲ್ಲದೆ, ಬಳಿಕ ರಕ್ತನಾಳಕ್ಕೆ ಅಯೋಡಿನ್ ಬೆರೆತ ಕಾಂಟ್ರಾಸ್ಟ್ ದ್ರವವನ್ನು ಚುಚ್ಚಿ, ಸುಮಾರು ಅರ್ಧ ನಿಮಿಷದಲ್ಲಿ ಅದು ಮೂತ್ರಪಿಂಡದ ಹೊರಪದರವನ್ನು ಬೆಳಗಿಸಿದಾಗ, ನಂತರ ಸುಮಾರು 100 ಸೆಕೆಂಡಿನ ಹೊತ್ತಿಗೆ ಇಡೀ ಅಂಗ ಒಂದೇ ಸಮನಾಗಿ ಬೆಳಗಿದಾಗ, ಬೇಕಾದರೆ ಕೆಲವು ನಿಮಿಷಗಳ ಮೇಲೆ ದ್ರವ ಮೂತ್ರದ ದಾರಿಗೆ ಇಳಿದಾಗ. ರಕ್ತನಾಳಗಳಿರುವ ಊತಕಕ್ಕೆ ಮಾತ್ರ ಈ ದ್ರವ ಸೇರುತ್ತದೆ. ಆದ್ದರಿಂದ ಔಷಧಕ್ಕೆ ಮುಂಚಿನ ಮತ್ತು ಅನಂತರದ ಸಂಖ್ಯೆಗಳ ಅಂತರ 20 ಮಾನಕ್ಕಿಂತ ಹೆಚ್ಚಿದ್ದರೆ ಆ ಉಬ್ಬು ಘನವಾದ ಗೆಡ್ಡೆ, 10ಕ್ಕಿಂತ ಕಡಿಮೆಯಿದ್ದರೆ ಅದರೊಳಗೆ ರಕ್ತದ ಓಡಾಟವಿಲ್ಲ ಎಂದು ಸಾಮಾನ್ಯವಾಗಿ ತೀರ್ಮಾನಿಸುತ್ತಾರೆ. ನಡುವಿನ 10ರಿಂದ 20ರ ಹರವು ಸಂದೇಹದ ನೆಲ.

ಈ ವ್ಯಾಪ್ತಿಯೂ ಎಲ್ಲೆಡೆ ನಿಲ್ಲುವುದಿಲ್ಲ. ಔಷಧದಿಂದ ತುಂಬ ಪ್ರಕಾಶಿಸುವ ಮೂತ್ರಪಿಂಡದ ನಡುವೆ ಹುದುಗಿರುವ ಸಣ್ಣ ಸಿಸ್ಟು, ತನ್ನೊಳಗೆ ಒಂದು ಹನಿಯೂ ಔಷಧ ಸೇರದಿದ್ದರೂ, ಸುತ್ತಲಿನ ಪ್ರಖರತೆಯಿಂದ ಗಣನೆಯಲ್ಲಿ ಉಂಟಾಗುವ ದೋಷದ ಕಾರಣ ಹೆಚ್ಚಿದ ಸಂಖ್ಯೆಯನ್ನು ತೋರಿಸುವುದುಂಟು; ಇದನ್ನು ಹುಸಿವೃದ್ಧಿ ಎನ್ನಬಹುದು. ನ್ಯಾಯಸೂತ್ರದ ಎರಡನೆಯ ಅಧ್ಯಾಯದಲ್ಲಿ ಇದಕ್ಕೆ ತೀರ ಹತ್ತಿರದ ಚರ್ಚೆಯೊಂದಿದೆ. ಹೊಳೆ ತುಂಬಿ ಹರಿಯುವುದನ್ನು ಕಂಡು ಮೇಲೆ ಮಳೆಯಾಗಿದೆ ಎಂದು ಊಹಿಸುತ್ತೀರಿ, ಆದರೆ ಕೆಳಗೆ ಕಟ್ಟೆ ಕಟ್ಟಿದರೂ ನೀರು ಏರುತ್ತದಲ್ಲ, ಆದ್ದರಿಂದ ಅನುಮಾನವೇ ಅಪ್ರಮಾಣ ಎಂದು ಪೂರ್ವಪಕ್ಷಿ ವಾದಿಸುತ್ತಾನೆ. ಕಟ್ಟೆಗೆ ತಡೆದು ಏರಿದ ನೀರು ಬೇರೆ, ಮಳೆಯಿಂದ ಬಂದ ನೀರು ಬೇರೆ. ಸೆಳೆತ, ನೊರೆ, ತೇಲಿಬರುವ ಎಲೆ ಕಟ್ಟಿಗೆಗಳ ಸಹಿತವಾದ ಪ್ರವಾಹವೇ ನಿಜವಾದ ಹೇತು. ಅದನ್ನು ವಿವೇಚಿಸದೆ ಏರಿದ ನೀರನ್ನಷ್ಟೇ ಹಿಡಿದು ಊಹಿಸಿದವನ ತಪ್ಪು ಅನುಮಾನದ ತಪ್ಪಾಗದು ಎಂಬುದು ಸಿದ್ಧಾಂತಿಯ ಉತ್ತರ, ಭಾಷ್ಯಕಾರ ವಾತ್ಸ್ಯಾಯನ ಅದನ್ನು ಬಿಡಿಸಿ ಹೇಳಿದ್ದಾನೆ. ಎರಡು ಸಾವಿರ ವರ್ಷಗಳಷ್ಟು ಹಳೆಯದೆನ್ನಬಹುದಾದ ಈ ವಿವೇಕ ಇಂದಿನ ಚಿತ್ರಶಾಸ್ತ್ರದ ದಿನನಿತ್ಯದ ಕೆಲಸವೂ ಆಗಿದೆ. ಏರಿದ ಸಂಖ್ಯೆ ತಾನೇ ಹೇತುವಾಗದು. ಉಬ್ಬಿನ ಗಾತ್ರವೆಷ್ಟು, ಅದು ಮೂತ್ರಪಿಂಡದೊಳಗೆ ಮುಳುಗಿದೆಯೋ ಹೊರಗೆ ಚಾಚಿದೆಯೋ, ಅಳತೆ ಮಾಡಿದ ಜಾಗದಲ್ಲಿ ಪಕ್ಕದ ಊತಕ ಬೆರೆತಿದೆಯೋ ಎಂಬ ವಿಶೇಷಣಗಳು ಕೂಡಿದಾಗಲೇ ಅದು ಹೇತುವೆನಿಸುತ್ತದೆ.

ಗೆಡ್ಡೆಯೆಂದು ನಿಶ್ಚಯವಾದ ಬಳಿಕ ಅದು ಕ್ಯಾನ್ಸರೋ ಅಲ್ಲವೋ ಎಂಬ ಎರಡನೆಯ ಅನುಮಾನ ತೊಡಗುತ್ತದೆ, ಮತ್ತು ಅದು ಮೊದಲನೆಯದಕ್ಕಿಂತ ಬಹಳ ದುರ್ಬಲ. ಒಂದು ಕಡೆ ಮಾತ್ರ ಹೇತು ಬಲವಾಗಿದೆ: ಗೆಡ್ಡೆಯೊಳಗೆ ಸ್ಪಷ್ಟವಾದ ಕೊಬ್ಬಿನ ಸಂಖ್ಯೆ ಸಿಕ್ಕಿದರೆ ಅದು ರಕ್ತನಾಳ, ಸ್ನಾಯು, ಕೊಬ್ಬು ಸೇರಿ ಬೆಳೆದ ಆಂಜಿಯೋಮಯೋಲಿಪೋಮ ಎಂಬ ಕ್ಯಾನ್ಸರಲ್ಲದ ಗೆಡ್ಡೆಯೆಂದು ಬಹುತೇಕ ನಿರ್ಧರಿಸಬಹುದು. ಆದರೆ ಅದೇ ಜಾತಿಯ ಕೆಲವು ಗೆಡ್ಡೆಗಳಲ್ಲಿ ಕಾಣುವಷ್ಟು ಕೊಬ್ಬಿರುವುದಿಲ್ಲ, ಅಪರೂಪಕ್ಕೆ ಕೊಬ್ಬು ಸೇರಿದ ಕ್ಯಾನ್ಸರೂ ಇರುತ್ತದೆ. ಮೂತ್ರಪಿಂಡದ ಕ್ಯಾನ್ಸರುಗಳಲ್ಲಿ ಮುಕ್ಕಾಲು ಪಾಲಿನಷ್ಟಿರುವ ಸ್ವಚ್ಛಕೋಶದ ಬಗೆ ಔಷಧ ಕೊಟ್ಟೊಡನೆ ತೀವ್ರವಾಗಿ ಬೆಳಗುತ್ತದೆ. ಪ್ಯಾಪಿಲರಿ ಎಂಬ ಬಗೆ ಮಂದವಾಗಿ ಬೆಳಗುತ್ತದೆ. ಆದರೆ ಆಂಕೋಸೈಟೋಮ ಎಂಬ ನಿರುಪದ್ರವಿ ಗೆಡ್ಡೆ ಸಹ ಚೆನ್ನಾಗಿಯೇ ಬೆಳಗುತ್ತದೆ. ಅದರ ನಡುವೆ ನಕ್ಷತ್ರದಾಕಾರದ ಕಲೆಯಿರುತ್ತದೆ ಎಂಬ ಗುರುತು ಕ್ಯಾನ್ಸರಿನಲ್ಲಿಯೂ ಕಾಣಿಸಿಕೊಳ್ಳುವುದರಿಂದ ಆ ಹೇತು ಸವ್ಯಭಿಚಾರವಾಗುತ್ತದೆ, ಅಂದರೆ ಸಾಧ್ಯವಿರುವಲ್ಲಿಯೂ ಇಲ್ಲದಲ್ಲಿಯೂ ಇರುವ ಹೇತ್ವಾಭಾಸ. 4 ಸೆಂಟಿಮೀಟರಿಗಿಂತ ಚಿಕ್ಕವಾದ, ಕ್ಯಾನ್ಸರೆಂಬ ಶಂಕೆಯಿಂದ ಶಸ್ತ್ರಚಿಕಿತ್ಸೆ ಮಾಡಿ ತೆಗೆದ ಘನ ಗೆಡ್ಡೆಗಳಲ್ಲಿ ಸುಮಾರು ಐದರಲ್ಲೊಂದು ಕ್ಯಾನ್ಸರಲ್ಲವೆಂದು ಅನಂತರದ ಸೂಕ್ಷ್ಮದರ್ಶಕ ಪರೀಕ್ಷೆಯಲ್ಲಿ ತಿಳಿದುಬರುತ್ತದೆ. ಯಾರೂ ಅಜಾಗ್ರತೆಯಿಂದ ನಡೆದುಕೊಳ್ಳದಿದ್ದರೂ ಈ ಐದನೆಯವರ ಪಾಲಿಗೆ ಅನುಮಾನ ತಪ್ಪಿತು. ತಪ್ಪಿದ್ದು ತಿಳಿಯುವ ಹೊತ್ತಿಗೆ ಅಂಗದ ಒಂದು ಭಾಗ ಹೋಗಿತ್ತು.

ಇಲ್ಲಿ ಸಂದೇಹಕ್ಕೆ ಸಲ್ಲಬೇಕಾದ ಗೌರವವನ್ನು ಕುರಿತು ಯೋಚಿಸಬೇಕಾಗುತ್ತದೆ. ಗೌತಮ ಹೇಳುವ ಹದಿನಾರು ಪದಾರ್ಥಗಳಲ್ಲಿ ಪ್ರಮಾಣ, ಪ್ರಮೇಯಗಳ ಬೆನ್ನಿಗೇ ಬರುವುದು ಸಂಶಯ. ತೀರ ತಿಳಿಯದ ವಸ್ತುವಿನ ಮೇಲೂ ಈಗಾಗಲೇ ನಿರ್ಣಯವಾದ ವಸ್ತುವಿನ ಮೇಲೂ ನ್ಯಾಯಪ್ರವೃತ್ತಿಯಿಲ್ಲ, ಸಂದೇಹಕ್ಕೆ ಒಳಗಾದುದರ ಮೇಲೆಯೇ ಅದು ನಡೆಯುತ್ತದೆ ಎಂಬುದು ವಾತ್ಸ್ಯಾಯನನ ಅಭಿಪ್ರಾಯ. ಹೀಗೆ ಸಂಶಯಕ್ಕೆ ಅಜ್ಞಾನಕ್ಕಿಂತ ಮೇಲಿನ ಒಂದು ಸ್ಥಾನವಿದೆ. ಎರಡು ಕೋಟಿಗಳನ್ನೂ, ಅಂದರೆ ಎರಡು ಪರ್ಯಾಯಗಳನ್ನೂ, ಸ್ಪಷ್ಟವಾಗಿ ಹಿಡಿದು, ಯಾವ ವಿಶೇಷ ತಿಳಿದರೆ ತೀರ್ಮಾನವಾಗುವುದು ಎಂಬುದನ್ನು ಅರಿತಿರುವ ಸ್ಥಿತಿ ಅದು. ನ್ಯೂಯಾರ್ಕಿನ ರೇಡಿಯಾಲಜಿಸ್ಟ್ ಮಾರ್ಟನ್ ಬಾಸ್ನಿಯಾಕ್ 1986ರಲ್ಲಿ ಮೂತ್ರಪಿಂಡದ ಸಿಸ್ಟುಗಳನ್ನು ಅವುಗಳ ಗೋಡೆಯ ದಪ್ಪ, ಒಳತಡಿಕೆಗಳು, ಸುಣ್ಣದ ಶೇಖರ, ಔಷಧಕ್ಕೆ ಬೆಳಗುವ ಭಾಗ ಇವುಗಳ ಆಧಾರದಿಂದ ನಾಲ್ಕು ವರ್ಗಗಳಾಗಿ ವಿಂಗಡಿಸಿದರು. ಮೊದಲೆರಡು ವರ್ಗಗಳನ್ನು ಬಿಟ್ಟುಬಿಡಬಹುದು, ನಾಲ್ಕನೆಯದು ಹತ್ತಕ್ಕೆ ಒಂಬತ್ತರಷ್ಟು ಕ್ಯಾನ್ಸರ್, ಮೂರನೆಯದು ಸುಮಾರು ಅರ್ಧಕ್ಕರ್ಧ. ಮುಂದೆ ಅವರೇ ಎರಡನೆಯ ಮತ್ತು ಮೂರನೆಯ ವರ್ಗಗಳ ನಡುವೆ ಇನ್ನೊಂದು ಮನೆಯನ್ನು ಸೇರಿಸಿದರು. ಅಲ್ಲಿಗೆ ಬಂದ ಸಿಸ್ಟನ್ನು ತೆಗೆಯುವುದೂ ಇಲ್ಲ, ಮರೆಯುವುದೂ ಇಲ್ಲ, ಐದು ವರ್ಷಗಳಷ್ಟು ಕಾಲ ಮತ್ತೆ ಮತ್ತೆ ಚಿತ್ರಿಸಿ ಕಾಯುತ್ತಾರೆ. 2019ರಲ್ಲಿ ಪರಿಷ್ಕಾರಗೊಂಡ ವಿಂಗಡಣೆಯಲ್ಲಿಯೂ ಆ ಮನೆ ಉಳಿದಿದೆ. ಸಂದೇಹವನ್ನು ಮುಚ್ಚಿಡದೆ ಅದಕ್ಕೊಂದು ಹೆಸರು, ಒಂದು ಅವಧಿ, ಒಂದು ಕಾರ್ಯಕ್ರಮ ಕೊಟ್ಟ ಈ ಹೆಜ್ಜೆ ಚಿತ್ರಶಾಸ್ತ್ರದ ಯಾವ ಹೊಸ ಯಂತ್ರಕ್ಕೂ ಕಡಿಮೆಯಿಲ್ಲದ ಬೌದ್ಧಿಕ ಸಾಧನೆ.

ಇದುವರೆಗಿನ ವಿಚಾರ ವೈದ್ಯರ ಕಡೆಯಿಂದ ನಡೆಯಿತು. ದೇಹ ಯಾರದೋ ಅವರ ಕಡೆಯಿಂದ ನೋಡಿದರೆ ಪ್ರಶ್ನೆಯ ಮುಖವೇ ಬದಲಾಗುತ್ತದೆ. ಹದಿಮೂರನೆಯ ಶತಮಾನದಲ್ಲಿ ಉಡುಪಿಯಲ್ಲಿ ನೆಲೆಸಿದ ಮಧ್ವಾಚಾರ್ಯರೂ, ಅವರ ಗ್ರಂಥಗಳಿಗೆ ಟೀಕೆ ಬರೆದು ಪ್ರಮಾಣಪದ್ಧತಿಯನ್ನು ರಚಿಸಿದ ಜಯತೀರ್ಥರೂ ಸಾಕ್ಷಿಯೆಂಬ ಒಳ ಇಂದ್ರಿಯವನ್ನು ಪ್ರತಿಪಾದಿಸಿದರು. ಸುಖ, ದುಃಖ, ನೋವುಗಳು ಆತ್ಮಸ್ವರೂಪವೇ ಆದ ಈ ಸಾಕ್ಷಿಗೆ ನೇರವಾಗಿ ಗೋಚರಿಸುತ್ತವೆ, ಅಲ್ಲಿ ತಪ್ಪಿಗೆ ಎಡೆಯಿಲ್ಲ. ನೋವಾಗುತ್ತಿದೆ ಎಂದವನಿಗೆ ಆಗುತ್ತಿಲ್ಲವೆಂದು ಇನ್ನೊಬ್ಬ ತೋರಿಸಿಕೊಡಲಾರ. ಮೂತ್ರದಲ್ಲಿ ರಕ್ತ, ಪಕ್ಕೆಯಲ್ಲಿ ನೋವು, ಕೈಗೆ ತಾಗುವ ಗಂಟು, ಈ ಮೂರರಿಂದ ಮೂತ್ರಪಿಂಡದ ಕ್ಯಾನ್ಸರನ್ನು ಗುರುತಿಸುತ್ತಿದ್ದ ಕಾಲದಲ್ಲಿ ರೋಗಿಯ ಸಾಕ್ಷಿ ಮೊದಲು ಮಾತಾಡುತ್ತಿತ್ತು, ವೈದ್ಯರ ಅನುಮಾನ ಹಿಂದಿನಿಂದ ಬರುತ್ತಿತ್ತು. ಇಂದು ಆ ಮೂರೂ ಕೂಡಿ ಬರುವುದು ಅಪರೂಪ. ಬೇರಾವುದೋ ಹೊಟ್ಟೆನೋವಿಗೆ, ಅಪಘಾತಕ್ಕೆ, ಬೆನ್ನಿನ ತೊಂದರೆಗೆ ಮಾಡಿದ ಸ್ಕ್ಯಾನಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೂತ್ರಪಿಂಡದ ಗೆಡ್ಡೆಗಳು ಆಕಸ್ಮಿಕವಾಗಿ ಸಿಕ್ಕುತ್ತವೆ. ಸಾಕ್ಷಿ ಸುಮ್ಮನಿದೆ, ಅನುಮಾನ ಮಾತ್ರ ಮಾತಾಡುತ್ತಿದೆ. ಹಾಗಾದರೆ ಆ ಮನುಷ್ಯ ಆರೋಗ್ಯವಂತನೋ ರೋಗಿಯೋ?

ಆಯುರ್ವೇದದಲ್ಲಿಯೇ ಇದಕ್ಕೆ ಎರಡು ದಿಕ್ಕಿನ ಉತ್ತರಗಳಿವೆ. ಸುಖವೆಂಬುದೇ ಆರೋಗ್ಯ, ವಿಕಾರವೆಂದರೆ ದುಃಖವೇ ಎಂಬುದು ಚರಕನ ಸೂತ್ರಸ್ಥಾನದ ಲಕ್ಷಣ. ಅದನ್ನು ಅಕ್ಷರಶಃ ಹಿಡಿದರೆ ನೋವಿಲ್ಲದ ಗೆಡ್ಡೆ ಇನ್ನೂ ರೋಗವಾಗಿಲ್ಲ. ಸುಶ್ರುತಸಂಹಿತೆ ಇದಕ್ಕೆ ಬೇರೆಯಾಗಿ, ದೋಷಗಳ ಸಂಚಯ, ಪ್ರಕೋಪ, ಪ್ರಸರ, ಸ್ಥಾನಸಂಶ್ರಯ, ವ್ಯಕ್ತಿ, ಭೇದ ಎಂಬ ಆರು ಹಂತಗಳನ್ನು ಹೇಳಿ, ರೋಗ ಸ್ಫುಟವಾಗಿ ತೋರುವ ವ್ಯಕ್ತಿಯೆಂಬ ಐದನೆಯ ಹಂತಕ್ಕೆ ಮುಂಚೆಯೇ ಚಿಕಿತ್ಸೆಯ ಕಾಲ ತೊಡಗುತ್ತದೆ ಎನ್ನುತ್ತದೆ. ಬೇಗ ಪತ್ತೆಹಚ್ಚಿದಷ್ಟೂ ಒಳಿತೆಂಬ ಇಂದಿನ ನಂಬಿಕೆ ಸುಶ್ರುತನ ದಾರಿಯದು, ಮತ್ತು ಅದಕ್ಕೆ ಗಟ್ಟಿಯಾದ ಆಧಾರವಿದೆ: ಅಂಗದೊಳಗೇ ಇರುವಾಗ ತೆಗೆದ ಗೆಡ್ಡೆಯ ಫಲಕ್ಕೂ, ಮೂತ್ರಪಿಂಡದ ಅಭಿಧಮನಿಯೊಳಕ್ಕೆ ಬೆಳೆದು ಮಹಾಸಿರೆಯತ್ತ ಸಾಗಿದ, ಶ್ವಾಸಕೋಶಕ್ಕೆ ಹರಡಿದ ಗೆಡ್ಡೆಯ ಫಲಕ್ಕೂ ಅಜಗಜಾಂತರ. ಆದರೆ ಹಂತಗಳ ಸಿದ್ಧಾಂತದಲ್ಲಿ ಒಂದು ಊಹೆ ಅಡಗಿದೆ. ತಡೆಯದಿದ್ದರೆ ಮೊದಲ ಹಂತ ಕೊನೆಯದಕ್ಕೆ ಹೋಗಿಯೇ ಹೋಗುತ್ತದೆ ಎಂಬುದು. ಸಣ್ಣ ಮೂತ್ರಪಿಂಡದ ಗೆಡ್ಡೆಗಳು ಆ ಊಹೆಯನ್ನು ಪೂರ್ತಿ ಬೆಂಬಲಿಸುವುದಿಲ್ಲ. ಶಸ್ತ್ರಚಿಕಿತ್ಸೆ ಮಾಡದೆ ನಿಗಾದಲ್ಲಿಟ್ಟ ಇಂತಹ ಗೆಡ್ಡೆಗಳು ಸರಾಸರಿ ವರ್ಷಕ್ಕೆ ಸುಮಾರು 3 ಮಿಲಿಮೀಟರಿನಷ್ಟು ಮಾತ್ರ ಬೆಳೆಯುತ್ತವೆ, ಕೆಲವು ಬೆಳೆಯುವುದೇ ಇಲ್ಲ, ನಿಗಾದ ಅವಧಿಯಲ್ಲಿ ದೇಹದ ಬೇರೆಡೆಗೆ ಹರಡುವವು ನೂರಕ್ಕೆ ಒಂದೆರಡು.

ಇಲ್ಲಿಯೇ ಪ್ರಾಮಾಣ್ಯವಾದದ ಹಳೆಯ ಗಂಟು ಹೊಸದಾಗಿ ಬಿಗಿಯುತ್ತದೆ. ಜ್ಞಾನವು ಸರಿಯೆಂಬುದು ಅದರೊಳಗೇ ತೋರುತ್ತದೆ ಎನ್ನುವ ಮೀಮಾಂಸಕರಿಗೂ ವೇದಾಂತಿಗಳಿಗೂ ಎದುರಾಗಿ ನೈಯಾಯಿಕರು, ಸರಿತನವು ಹೊರಗಿನಿಂದ, ಸಫಲವಾದ ಪ್ರವೃತ್ತಿಯಿಂದ ತಿಳಿಯುತ್ತದೆ ಎಂದರು: ದೂರದಲ್ಲಿ ನೀರು ಕಂಡವನು ಹೋಗಿ ಕುಡಿದು ಬಾಯಾರಿಕೆ ತಣಿದಾಗ, ತನ್ನ ಜ್ಞಾನ ಬಿಸಿಲ್ಗುದುರೆಯಾಗಿರಲಿಲ್ಲವೆಂದು ಅರಿಯುತ್ತಾನೆ. ಸಿ.ಟಿ. ಚಿತ್ರದ ಅನುಮಾನವನ್ನು ಹಾಗೆ ಪರೀಕ್ಷಿಸಲು ಇರುವ ಪೂರ್ಣ ವಿಧಾನ ಗೆಡ್ಡೆಯನ್ನು ತೆಗೆದು ನೋಡುವುದು. ಸೂಜಿಯಿಂದ ಚೂರು ತೆಗೆಯುವ ಬಯಾಪ್ಸಿ ನಡುದಾರಿ, ಆದರೆ ಸುಮಾರು ಹತ್ತರಲ್ಲೊಂದು ಸಲ ಅದರಿಂದ ಉತ್ತರ ಸಿಕ್ಕುವುದಿಲ್ಲ. ತೆಗೆದ ಮೇಲೆ ಅದು ಕ್ಯಾನ್ಸರೇ ಎಂದು ತಿಳಿದರೂ ಅರ್ಧ ಪ್ರಶ್ನೆಗೆ ಮಾತ್ರ ಉತ್ತರ ಸಿಕ್ಕಿದೆ. ಆ ಗೆಡ್ಡೆಯನ್ನು ಬಿಟ್ಟಿದ್ದರೆ ಅದು ಇವರ ಪ್ರಾಣ ತೆಗೆಯುತ್ತಿತ್ತೇ? ಶಸ್ತ್ರಚಿಕಿತ್ಸೆಯ ಬಳಿಕ ಇಪ್ಪತ್ತು ವರ್ಷ ಸುಖವಾಗಿ ಬದುಕಿದವರಿಗೆ, ಆ ಬದುಕು ಶಸ್ತ್ರದ ಕೊಡುಗೆಯೋ ಗೆಡ್ಡೆಯ ಮಂದಗತಿಯ ಕೊಡುಗೆಯೋ ಎಂದು ಹೇಳಬಲ್ಲ ಪ್ರಮಾಣ ಲೋಕದಲ್ಲಿಲ್ಲ. ಸಾವಿರಾರು ಜನರ ಸರಾಸರಿಯಿಂದ ಇಡೀ ಗುಂಪಿನ ವಿಷಯ ತಿಳಿಯಬಹುದು, ಆ ಒಬ್ಬರ ವಿಷಯ ತಿಳಿಯದು. ನೀರನ್ನು ಕುಡಿದ ಮೇಲೂ ಅದು ನೀರಾಗಿತ್ತೇ ಎಂಬ ಸಂದೇಹ ಉಳಿಯುವ ಸನ್ನಿವೇಶವನ್ನು ಹಳೆಯ ತಾರ್ಕಿಕರು ಎಣಿಸಿರಲಿಕ್ಕಿಲ್ಲ. ಆದರೆ ಪ್ರವೃತ್ತಿಯೇ ತನ್ನ ಪರೀಕ್ಷೆಯನ್ನು ಅಳಿಸಿಹಾಕುವ ಇಂತಹ ಸಂದರ್ಭದಲ್ಲಿ, ಮೊದಲ ಅನುಮಾನದ ಬಲವನ್ನು ತೂಗಿ ನೋಡುವ ಹೊಣೆ ಬಹಳ ಹೆಚ್ಚುತ್ತದೆ.

ಒಂದೇ ಚಿತ್ರ ಎಲ್ಲರಿಗೂ ಒಂದೇ ಕೆಲಸವನ್ನು ವಿಧಿಸುವುದಿಲ್ಲ ಎಂಬುದು ಇದರಿಂದ ಹೊರಡುವ ಮಾತು. 3 ಸೆಂಟಿಮೀಟರಿನ ಅದೇ ಗೆಡ್ಡೆ ನಲವತ್ತು ವಯಸ್ಸಿನ ಗಟ್ಟಿಮುಟ್ಟಾದ ದೇಹದಲ್ಲಿದ್ದರೆ, ಮುಂದಿನ ಮೂವತ್ತು ನಲವತ್ತು ವರ್ಷಗಳ ಬೆಳವಣಿಗೆಯನ್ನು ಎಣಿಸಿ, ಮೂತ್ರಪಿಂಡದ ಉಳಿದ ಭಾಗವನ್ನು ಕಾಪಾಡುತ್ತ ಗೆಡ್ಡೆಯನ್ನಷ್ಟೇ ತೆಗೆಯುವುದು ನ್ಯಾಯ. ಎಂಬತ್ತು ದಾಟಿದ, ಹೃದಯ ಸೋತ, ಮೂತ್ರಪಿಂಡದ ಶಕ್ತಿ ಮೊದಲೇ ಕುಗ್ಗಿದ ದೇಹದಲ್ಲಿದ್ದರೆ ಶಸ್ತ್ರವೇ ಗೆಡ್ಡೆಗಿಂತ ಮೊದಲು ಅಪಾಯ ತರಬಹುದು. ಅನೇಕ ಕಾರಣಗಳ ಕೂಟದಿಂದ ಹುಟ್ಟುವ ಫಲವನ್ನು ಒಟ್ಟಾಗಿ ಕಾಣಬಲ್ಲ ಬುದ್ಧಿಯನ್ನು ಚರಕ ಯುಕ್ತಿಯೆಂದು ಕರೆದು, ಅದನ್ನು ಪ್ರತ್ಯಕ್ಷ ಅನುಮಾನಗಳ ಜೊತೆಗೆ ಪರೀಕ್ಷೆಯ ಬೇರೊಂದು ಬಗೆಯಾಗಿಯೇ ಎಣಿಸಿದ್ದಾನೆ. ದರ್ಶನಕಾರರಲ್ಲಿ ಹಲವರು ಅದನ್ನು ಅನುಮಾನದೊಳಗೇ ಸೇರಿಸಿಬಿಟ್ಟರೂ, ವೈದ್ಯನಾಗಿ ಚರಕ ಬೇರೆಯಾಗಿ ಹೇಳಿದ್ದರಲ್ಲಿ ಆಳವಾದ ಅರಿವಿದೆ: ಗೆಡ್ಡೆ ಏನು ಎಂಬ ಜ್ಞಾನ ಒಂದು, ಈ ಮನುಷ್ಯನಿಗೆ ಏನು ಮಾಡಬೇಕು ಎಂಬ ನಿರ್ಧಾರ ಇನ್ನೊಂದು, ಮೊದಲನೆಯದು ಎಷ್ಟೇ ಖಚಿತವಾದರೂ ಎರಡನೆಯದನ್ನು ತಾನೇ ಹೆತ್ತುಕೊಡುವುದಿಲ್ಲ.

ನಿರ್ಧರಿಸಬೇಕಾದ ರೋಗಿಗೆ ಈ ಜ್ಞಾನ ಯಾವ ದಾರಿಯಿಂದ ಬರುತ್ತದೆ ಎಂಬುದು ಕೊನೆಗೆ ಉಳಿಯುವ ಪ್ರಶ್ನೆ. ಸಂಖ್ಯೆಗಳನ್ನು ಓದಲಾರದ ಅವರಿಗೆ ಅದು ಪ್ರತ್ಯಕ್ಷವೂ ಅಲ್ಲ, ಅನುಮಾನವೂ ಅಲ್ಲ. ಆಪ್ತವಾಕ್ಯ, ಅಂದರೆ ನಂಬಿಕೆಗೆ ಅರ್ಹರಾದವರ ಮಾತು, ಅದೊಂದೇ ಅವರ ಪ್ರಮಾಣ. ವಸ್ತುವನ್ನು ತಾನು ಸರಿಯಾಗಿ ಅರಿತು, ಅರಿತ ಹಾಗೆಯೇ ತಿಳಿಸಬೇಕೆಂಬ ಇಚ್ಛೆಯಿಂದ ಹೇಳುವವನೇ ಆಪ್ತ ಎಂದು ವಾತ್ಸ್ಯಾಯನ ಹೇಳಿ, ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದು ಸೇರಿಸಿದ್ದಾನೆ. ಅರಿತ ಹಾಗೆಯೇ ಎಂಬ ಷರತ್ತು ಇಲ್ಲಿ ತೂಕದ್ದು. ರೇಡಿಯಾಲಜಿಸ್ಟ್ ಅನುಮಾನವಾಗಿ ಬರೆದ ಶಂಕೆ ಶಸ್ತ್ರವೈದ್ಯರ ಬಾಯಲ್ಲಿ ನಿಶ್ಚಯವಾಗಿ, ಮನೆಯವರ ಕಿವಿಯಲ್ಲಿ ಸಾವಿನ ಸುದ್ದಿಯಾಗಿ ಬೆಳೆದರೆ, ನಡುವೆ ಯಾರೂ ಸುಳ್ಳು ಹೇಳದೆಯೂ ಪ್ರಮಾಣ ಕೆಟ್ಟಿರುತ್ತದೆ. ಹಿರಿಯರ ಮನಸ್ಸಿಗೆ ಪೆಟ್ಟಾದೀತೆಂದು ಮಗನಿಗೋ ಅಳಿಯನಿಗೋ ಮಾತ್ರ ವಿಷಯ ತಿಳಿಸಿ, ಶಸ್ತ್ರಚಿಕಿತ್ಸೆಯ ದಿನವನ್ನೂ ಅವರೇ ಗೊತ್ತುಮಾಡುವ ವಾಡಿಕೆ ನಮ್ಮ ಸಮಾಜದಲ್ಲಿ ಪ್ರೀತಿಯಿಂದಲೇ ಹುಟ್ಟಿದ್ದು. ಆದರೂ ಅದರಿಂದ ಸಂದೇಹದ ಪಾಲು, ಕಾಯುವ ಅವಕಾಶ, ಆ ದೇಹದ ಸಾಕ್ಷಿಗೆ ಮಾತ್ರ ಗೊತ್ತಿರುವ ಆಯಾಸ ಮತ್ತು ಆಸೆ, ಇವೆಲ್ಲ ತೂಕದ ತಟ್ಟೆಯಿಂದ ಹೊರಗೇ ಉಳಿದುಬಿಡುತ್ತವೆ. ಚಿತ್ರಗಳನ್ನು ಓದಲು ಈಗ ಕಂಪ್ಯೂಟರ್ ತಂತ್ರಾಂಶಗಳೂ ಬರುತ್ತಿವೆ. ಮನುಷ್ಯರ ಕಣ್ಣಿಗೆ ನಿಲುಕದ ಗುರುತುಗಳನ್ನು ಹೆಕ್ಕಿ ಇಷ್ಟು ಪಾಲು ಕ್ಯಾನ್ಸರ್ ಎಂಬ ಅಂದಾಜನ್ನು ಅವು ಕೊಡಬಲ್ಲವು. ಅವು ಹೇತುವನ್ನು ಒದಗಿಸಬಹುದು, ಹೇತ್ವಾಭಾಸವನ್ನು ಹಿಡಿದುಕೊಡಲೂಬಹುದು. ಆದರೆ ತಿಳಿಸಬೇಕೆಂಬ ಇಚ್ಛೆ ಯಂತ್ರಕ್ಕಿಲ್ಲದಿರುವುದರಿಂದ, ವಾತ್ಸ್ಯಾಯನನ ಲಕ್ಷಣದಂತೆ ಅದು ಆಪ್ತನಾಗಲಾರದು, ಮತ್ತು ಆ ಸ್ಥಾನ ವರದಿಗೆ ಸಹಿ ಹಾಕಿ, ಎದುರು ಕುಳಿತವರಿಗೆ ಅದನ್ನು ಓದಿ ಹೇಳುವ ವೈದ್ಯರದಾಗಿಯೇ ಉಳಿಯುತ್ತದೆ.